ಸಂಜೆಯ ಗುಟುಕು, ಬೆಳಗಿನ ರಕ್ತದೊತ್ತಡ

ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು ಮದ್ಯ ಕುಡಿಯಬಹುದೇ ಎಂಬ ಪ್ರಶ್ನೆಯನ್ನು ವೈದ್ಯರ ಮುಂದೆ ಬಾಯಿಬಿಟ್ಟು ಕೇಳುವವರಿಗಿಂತ ಔಷಧದಂಗಡಿಯವನ ಬಳಿ ದನಿ ತಗ್ಗಿಸಿ ಕೇಳುವವರೇ ಬಹುಶಃ ಹೆಚ್ಚು. ಹಾಗೆ ಕೇಳುವವರ ಮನಸ್ಸಿನಲ್ಲಿರುವ ಚಿತ್ರ ಸಾಮಾನ್ಯವಾಗಿ ಒಂದೇ ಬಗೆಯದು: ಮಾತ್ರೆಯೂ ಮದ್ಯವೂ ಹೊಟ್ಟೆಯೊಳಗೆ ಬೆರೆತರೆ ವಿಷವಾಗುತ್ತದೆ, ಆದ್ದರಿಂದ ಎರಡರ ನಡುವೆ ಒಂದೆರಡು ಗಂಟೆಯ ಅಂತರವಿಟ್ಟರೆ, ಅಥವಾ ಕುಡಿಯುವ ದಿನ ಮಾತ್ರೆಯನ್ನೇ ಬಿಟ್ಟರೆ ಅಪಾಯ ತಪ್ಪುತ್ತದೆ. ರಕ್ತದೊತ್ತಡದ ಔಷಧಗಳಲ್ಲಿ ಬಹುಪಾಲು ಮದ್ಯದೊಡನೆ ಹೀಗೆ ವಿಷವಾಗಿ ಪರಿಣಮಿಸುವಂಥವಲ್ಲವಾದ್ದರಿಂದ ಈ ಚಿತ್ರವೂ ಸರಿಯಲ್ಲ, ಅದರಿಂದ ಹೊರಡುವ ಉಪಾಯವೂ ಸರಿಯಲ್ಲ. ತೊಡಕು ಅಡಗಿರುವುದು ಗಡಿಯಾರದಲ್ಲಿ. ಸಂಜೆ ಕುಡಿದ ಮದ್ಯ ಮೊದಲ ಕೆಲವು ಗಂಟೆ ಮಾತ್ರೆಯ ಪಕ್ಷ ವಹಿಸಿ ಒತ್ತಡವನ್ನು ಬೇಡದಷ್ಟು ಇಳಿಸುತ್ತದೆ; ಬೆಳಗಾಗುವ ಹೊತ್ತಿಗೆ ಅದೇ ಮದ್ಯ ಪಕ್ಷ ಬದಲಿಸಿ, ಮಾತ್ರೆ ಇಳಿಸಿದ್ದನ್ನು ಮತ್ತೆ ಏರಿಸುತ್ತದೆ. ಈ ಎರಡು ಹೊತ್ತುಗಳ ಅಪಾಯಗಳು ಬೇರೆಬೇರೆ, ಅವುಗಳಿಗೆ ತುತ್ತಾಗುವವರೂ ಕೆಲಮಟ್ಟಿಗೆ ಬೇರೆಬೇರೆ.

ಹೃದಯ ಒತ್ತಿದ ರಕ್ತವು ಅಪಧಮನಿಗಳ, ಎಂದರೆ ಶುದ್ಧರಕ್ತವನ್ನು ಅಂಗಾಂಗಗಳಿಗೆ ಒಯ್ಯುವ ನಾಳಗಳ, ಗೋಡೆಯ ಮೇಲೆ ಹಾಕುವ ಒತ್ತಡಕ್ಕೆ ರಕ್ತದೊತ್ತಡವೆನ್ನುತ್ತಾರೆ. ಹೃದಯ ಕುಗ್ಗಿದಾಗಿನ ಮೇಲಿನ ಅಂಕಿ, ಹಿಗ್ಗಿದಾಗಿನ ಕೆಳಗಿನ ಅಂಕಿ, ಇವೆರಡನ್ನೂ ಪಾದರಸದ ಕಂಬದ ಮಿಲಿಮೀಟರುಗಳಲ್ಲಿ ಹೇಳುವ ವಾಡಿಕೆ ಇಟಲಿಯ ರಿವಾ ರೊಚ್ಚಿ 1896ರಲ್ಲಿ ರೂಪಿಸಿದ ತೋಳುಪಟ್ಟಿಯ ಉಪಕರಣದಿಂದ ಬಂದದ್ದು, ಪಾದರಸದ ಉಪಕರಣಗಳು ಈಗ ಮೂಲೆ ಸೇರುತ್ತಿದ್ದರೂ ಅಳತೆಯ ಮಾತು ಹಾಗೆಯೇ ಉಳಿದಿದೆ. ಬೇರೆಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದನ್ನು ಅಧಿಕ ರಕ್ತದೊತ್ತಡವೆಂದು ಪರಿಗಣಿಸುವುದು ಭಾರತದಲ್ಲಿ ರೂಢಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವು ವಯಸ್ಕರಲ್ಲಿ ಶೇಕಡಾ 35.5ರಷ್ಟು ಮಂದಿಗೆ, ಅಂದಾಜು 31.5 ಕೋಟಿ ಜನರಿಗೆ, ಈ ತೊಂದರೆಯಿದೆಯೆಂದು ಲೆಕ್ಕ ಹಾಕಿತು. ಇಷ್ಟು ದೊಡ್ಡ ಸಮುದಾಯದಲ್ಲಿ ಮಾತ್ರೆಯೂ ಮದ್ಯವೂ ಒಂದೇ ಮೈಯಲ್ಲಿ ಸಂಧಿಸುವುದು ಅಪರೂಪದ ಸಂಗತಿಯಾಗಿರಲು ಸಾಧ್ಯವಿಲ್ಲ.

ಮದ್ಯದ ವಿಚಾರದಲ್ಲಿ ಮೊದಲು ಇತ್ಯರ್ಥವಾಗಬೇಕಾದದ್ದು ಪ್ರಮಾಣ. ‘ಸ್ವಲ್ಪ’ ಎಂಬ ಮಾತಿನಷ್ಟು ಜಾರುವ ಮಾತು ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದ ಮೇಲೆ ದುಡಿಯುವವರ ಕೈಗೆ ಬಂದ ಅಗ್ಗದ ಬ್ರಾಂದಿ, ರಮ್ಮು, ವಿಸ್ಕಿಗಳ ಪೊಟ್ಟಣದ ಮೇಲೆ ಶೇಕಡಾ 42.8 ಎಂಬ ಅಂಕಿ ಅಚ್ಚಾಗಿರುತ್ತದೆ; ದ್ರವದ ನೂರು ಪಾಲಿನಲ್ಲಿ 42.8 ಪಾಲು ಮದ್ಯಸಾರ, ಎಂದರೆ ಅಮಲೇರಿಸುವ ಮೂಲವಸ್ತು, ಇದೆಯೆಂದು ಅದರ ಅರ್ಥ. ಮದ್ಯಸಾರ ನೀರಿಗಿಂತ ಹಗುರ, ಒಂದು ಮಿಲಿಲೀಟರಿಗೆ 0.79 ಗ್ರಾಂ ತೂಗುತ್ತದೆ. ಈ ಲೆಕ್ಕದಲ್ಲಿ 30 ಮಿಲಿಲೀಟರಿನ ಒಂದು ಸಣ್ಣ ಪೆಗ್ಗಿನಲ್ಲಿ 10 ಗ್ರಾಂ, ಜನ ‘ನೈಂಟಿ’ ಎಂದು ಕರೆಯುವ 90 ಮಿಲಿಲೀಟರಿನಲ್ಲಿ 30 ಗ್ರಾಂ, ‘ಕ್ವಾರ್ಟರ್’ ಎನ್ನುವ 180 ಮಿಲಿಲೀಟರಿನಲ್ಲಿ 60 ಗ್ರಾಂ ಮದ್ಯಸಾರವಿರುತ್ತದೆ. ಬಿಯರ್ ಎಂದರೆ ಬರೀ ನೀರು, ಅದರಿಂದ ಮೈಗೆ ತಂಪು ಎಂದು ನಂಬಿದವರು ಗಮನಿಸಬೇಕಾದ ಲೆಕ್ಕ ಇನ್ನೊಂದಿದೆ: ‘ಸ್ಟ್ರಾಂಗ್’ ಎಂದು ಮಾರುವ, ಶೇಕಡಾ 7ರಷ್ಟು ಮದ್ಯಸಾರವುಳ್ಳ 650 ಮಿಲಿಲೀಟರಿನ ಒಂದು ಸೀಸೆಯಲ್ಲಿ ಸುಮಾರು 36 ಗ್ರಾಂ ಇರುವುದರಿಂದ ಅದು ಒಂದು ನೈಂಟಿಯನ್ನೂ ಮೀರಿಸುತ್ತದೆ. ಆರೋಗ್ಯವಂತ ವಯಸ್ಕನ ಯಕೃತ್ತು, ರೂಢಿಯ ಮಾತಿನಲ್ಲಿ ಲಿವರ್, ಗಂಟೆಗೆ ಹೆಚ್ಚುಕಡಿಮೆ 7ರಿಂದ 10 ಗ್ರಾಂ ಮದ್ಯಸಾರವನ್ನಷ್ಟೇ ಕರಗಿಸಬಲ್ಲದು. ರಾತ್ರಿ 9 ಗಂಟೆಗೆ ಒಂದು ಕ್ವಾರ್ಟರ್ ಮುಗಿಸಿದವನ ರಕ್ತ ಸ್ವಚ್ಛವಾಗುವಾಗ ಹಾಲಿನವನು ಬಾಗಿಲಿಗೆ ಬಂದಿರುತ್ತಾನೆ.

ಕುಡಿತ ಒತ್ತಡವನ್ನು ಏರಿಸುತ್ತದೆಂಬ ಅರಿವು ಹೊಸದೇನಲ್ಲ. ಮೊದಲನೆಯ ಮಹಾಯುದ್ಧದ ನಡುವೆ, 1915ರಲ್ಲಿ, ಫ್ರಾನ್ಸಿನ ವೈದ್ಯ ಕಮೀಯ್ ಲಿಯಾನ್ ಸೈನಿಕರನ್ನು ಪರೀಕ್ಷಿಸಿ, ದಿನವೂ ಲೀಟರುಗಟ್ಟಲೆ ದ್ರಾಕ್ಷಾರಸ ಕುಡಿಯುವವರಲ್ಲಿ ಅಧಿಕ ಒತ್ತಡ ಹೆಚ್ಚಾಗಿ ಕಾಣುತ್ತದೆಂದು ವರದಿ ಮಾಡಿದ. ಆ ವರದಿ ಬಹುಕಾಲ ಯಾರ ಗಮನವನ್ನೂ ಸೆಳೆಯದೆ ಬಿದ್ದಿತ್ತು. 1977ರಲ್ಲಿ ಕ್ಯಾಲಿಫೋರ್ನಿಯಾದ ಆರ್ಥರ್ ಕ್ಲಾಟ್‌ಸ್ಕಿ ಮತ್ತು ಸಂಗಡಿಗರು 80 ಸಾವಿರಕ್ಕೂ ಹೆಚ್ಚು ಜನರ ದಾಖಲೆಗಳನ್ನು ತಾಳೆ ನೋಡಿ, ದಿನಕ್ಕೆ ಮೂರು ಅಥವಾ ಹೆಚ್ಚು ಅಳತೆ (ಒಂದು ಅಳತೆಯೆಂದರೆ ಸಣ್ಣ ಪೆಗ್ಗಿಗಿಂತ ತುಸು ಹೆಚ್ಚು) ಕುಡಿಯುವವರಲ್ಲಿ ವಯಸ್ಸು, ತೂಕ, ಧೂಮಪಾನ ಮೊದಲಾದ ಬೇರೆ ಕಾರಣಗಳನ್ನು ಕಳೆದ ಮೇಲೂ ಒತ್ತಡ ಹೆಚ್ಚೆಂದು ತೋರಿಸಿದ ಮೇಲೆ ವಿಷಯಕ್ಕೆ ಮತ್ತೆ ಜೀವ ಬಂತು. ಆದರೆ ಇವೆರಡೂ ಮಾತ್ರೆ ತಿನ್ನದವರನ್ನೂ ಒಳಗೊಂಡ ಸಾಮಾನ್ಯ ಜನರ ಅವಲೋಕನಗಳು. ಮಾತ್ರೆ ತಿನ್ನುವವರ ಸ್ಥಿತಿ ಏನೆಂಬ ಪ್ರಶ್ನೆಗೆ ಇವು ನೇರ ಉತ್ತರ ಕೊಡಲಾರವು.

ನೇರ ಉತ್ತರ ಬಂದದ್ದು ಆಸ್ಟ್ರೇಲಿಯಾದ ಪರ್ತ್ ನಗರದಿಂದ. ಅಲ್ಲಿ ಇಯನ್ ಪಡ್ಡಿ, ಲಾರೆನ್ಸ್ ಬೈಲಿನ್ ಮತ್ತು ಅವರ ತಂಡ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಭಾಗವಹಿಸಿದ 44 ಗಂಡಸರೂ ರಕ್ತದೊತ್ತಡಕ್ಕೆ ಔಷಧ ತೆಗೆದುಕೊಳ್ಳುತ್ತಿದ್ದವರು, ಹಾಗೆಯೇ ನಿಯಮಿತವಾಗಿ ಕುಡಿಯುತ್ತಿದ್ದವರು. ಅವರಿಗೆ ಆರು ವಾರ ಮಾಮೂಲಿನ ಬಿಯರ್, ಇನ್ನಾರು ವಾರ ಮದ್ಯಸಾರ ತೀರ ಕಡಿಮೆಯಿದ್ದ ಬಿಯರ್ ಕುಡಿಯುವಂತೆ ಏರ್ಪಾಡು ಮಾಡಲಾಯಿತು. ಮಾತ್ರೆಗಳು ಬದಲಾಗಲಿಲ್ಲ, ಬದಲಾದದ್ದು ಬಿಯರಿನ ಕಸುವು ಮಾತ್ರ. ಕಸುವಿಲ್ಲದ ಬಿಯರಿನ ವಾರಗಳಲ್ಲಿ ಮೇಲಿನ ಅಂಕಿ ಸುಮಾರು 5, ಕೆಳಗಿನದು ಸುಮಾರು 3 ಮಿಲಿಮೀಟರಿನಷ್ಟು ಇಳಿದಿತ್ತು. ಐದು ಎಂಬುದು ಕಿವಿಗೆ ಸಣ್ಣದಾಗಿ ಕೇಳಿಸಬಹುದಾದರೂ, ವಾಡಿಕೆಯ ಪ್ರಮಾಣದ ಒಂದು ಬಿ.ಪಿ. ಮಾತ್ರೆ ಸರಾಸರಿಯಲ್ಲಿ ಇಳಿಸುವುದೇ 9 ಮಿಲಿಮೀಟರಿನಷ್ಟು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, ಆ ಗಂಡಸರು ದಿನವೂ ಅರ್ಧ ಮಾತ್ರೆಯನ್ನು ಬಿಯರಿನಲ್ಲಿ ಕರಗಿಸಿಬಿಡುತ್ತಿದ್ದರು ಎಂದಂತಾಯಿತು. ಮದ್ಯವು ಮಾತ್ರೆಯೊಡನೆ ‘ಹೊಂದುತ್ತದೆಯೇ’ ಎಂಬ ಪ್ರಶ್ನೆಗಿಂತ, ಮಾತ್ರೆಯ ದುಡಿಮೆಯಲ್ಲಿ ಎಷ್ಟು ಪಾಲನ್ನು ಅದು ನುಂಗುತ್ತದೆ ಎಂಬ ಪ್ರಶ್ನೆ ದೊಡ್ಡದೆಂದು ಈ ಪ್ರಯೋಗ ತೋರಿಸಿಕೊಟ್ಟಿತು.

ಹೀಗಿದ್ದೂ ಕುಡಿದವರಲ್ಲಿ ಕೆಲವರು ಸಂಜೆ ಯಂತ್ರ ಕಟ್ಟಿ ನೋಡಿ, ಕುಡಿದರೆ ಒತ್ತಡ ಇಳಿಯುತ್ತದೆಂದು ವಾದಿಸುವುದುಂಟು. ಅವರು ಸುಳ್ಳು ಹೇಳುತ್ತಿಲ್ಲ, ಕಥೆಯ ಮೊದಲರ್ಧವನ್ನಷ್ಟೇ ಹೇಳುತ್ತಿದ್ದಾರೆ. ಕುಡಿದ ಮೇಲಿನ ಗಂಟೆಗಳಲ್ಲಿ ಒತ್ತಡ ಅಳೆದ ಪ್ರಯೋಗಗಳನ್ನು ಒಟ್ಟುಗೂಡಿಸಿ 2020ರಲ್ಲಿ ಹೊರಬಂದ ಕಾಕ್ರೇನ್ ಸಂಸ್ಥೆಯ ಸಮೀಕ್ಷೆಯ ಪ್ರಕಾರ, ಒಮ್ಮೆಗೆ 30 ಗ್ರಾಮಿಗಿಂತ ಹೆಚ್ಚು ಮದ್ಯಸಾರ ಒಳಗೆ ಹೋದರೆ ಮೊದಲ 12 ಗಂಟೆಯವರೆಗೆ ಒತ್ತಡ ಮೂರೂವರೆ ಮಿಲಿಮೀಟರಿನಷ್ಟು ಇಳಿಯುತ್ತದೆ, 13 ಗಂಟೆ ದಾಟಿದ ಮೇಲೆ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ನಾಡಿಬಡಿತವಂತೂ ಏರಿದ್ದು ಏರಿದಂತೆಯೇ ಉಳಿಯುತ್ತದೆ. ಆ 30 ಗ್ರಾಮಿನ ಗೆರೆಯೆಂದರೆ ಕರ್ನಾಟಕದ ಲೆಕ್ಕದಲ್ಲಿ ಒಂದು ನೈಂಟಿ. ಇದು ಎಂದೋ ಒಮ್ಮೆ ಕುಡಿದವರ ಸರಾಸರಿಯ ಮಾತು. ದಿನವೂ ಕುಡಿಯುವ ಅಧಿಕ ಒತ್ತಡದ ರೋಗಿಗಳ ತೋಳಿಗೆ ಇಡೀ ದಿನ ಯಂತ್ರ ಕಟ್ಟಿ ಜಪಾನಿನಲ್ಲಿ ನಡೆಸಿದ ಅಧ್ಯಯನದಲ್ಲಿಯೂ ಸಂಜೆಯ ಇಳಿತ ಮತ್ತು ಬೆಳಗಿನ ಏರಿಕೆಯ ಇದೇ ಚಿತ್ರ ಕಂಡುಬಂದಿದೆ.

ಇಳಿತಕ್ಕೆ ಕಾರಣ ಸರಳ. ಮದ್ಯವು ಚರ್ಮದಡಿಯ ನಾಳಗಳನ್ನು ಹಿಗ್ಗಿಸುತ್ತದೆ, ಮುಖ ಕೆಂಪಾಗುವುದೂ ಮೈ ಬೆಚ್ಚಗಾದಂತೆ ಅನ್ನಿಸುವುದೂ ಅದರಿಂದಲೇ. ಮಲೆನಾಡಿನ ಚಳಿಗೆ ಬ್ರಾಂದಿ ಒಳ್ಳೆಯದೆಂಬ ಮಾತು ಈ ಅನಿಸಿಕೆಯ ಮೇಲೆ ನಿಂತದ್ದು, ಆದರೆ ನಾಳ ಹಿಗ್ಗಿದಾಗ ಮೈಯ ಶಾಖ ವಾಸ್ತವದಲ್ಲಿ ಹೊರಕ್ಕೆ ಸೋರಿಹೋಗುತ್ತದೆ. ಏರಿಕೆಗೆ ಕಾರಣಗಳು ಹಲವು. ಮದ್ಯ ಇಳಿಯುತ್ತಿದ್ದಂತೆ ಅನುವೇದನಾ ನರಮಂಡಲ, ಎಂದರೆ ಭಯವಾದಾಗ ಎದೆ ಹೊಡೆದುಕೊಳ್ಳುವಂತೆ ಮಾಡುವ ನರಗಳ ಬಲೆ, ಕೆರಳುತ್ತದೆ. ಮೂತ್ರಪಿಂಡಗಳು ರೆನಿನ್ ಎಂಬ ರಸವನ್ನು ಹೆಚ್ಚಾಗಿ ಬಿಡುತ್ತವೆ, ಅದು ಸರಪಣಿಯಂತೆ ಬೇರೆ ರಸಗಳನ್ನು ಎಬ್ಬಿಸಿ ನಾಳಗಳನ್ನು ಬಿಗಿಗೊಳಿಸುತ್ತದೆ, ಉಪ್ಪನ್ನು ಮೈಯಲ್ಲಿ ಹಿಡಿದಿಡುತ್ತದೆ. ನಾಳಗಳ ಒಳಪದರ ತಾನಾಗಿ ಸಡಿಲಗೊಳ್ಳುವ ಶಕ್ತಿಯನ್ನು ಕ್ರಮೇಣ ಕಳೆದುಕೊಳ್ಳುತ್ತದೆ. ಇದಕ್ಕೆ ತಟ್ಟೆಯ ಕೊಡುಗೆಯೂ ಸೇರುತ್ತದೆ. ಬಾಟಲಿಯ ಪಕ್ಕದಲ್ಲಿ ನೆಂಚಿಕೊಳ್ಳಲು ಇಡುವ ಉಪ್ಪಿನಕಾಯಿ, ಕರಿದ ಮೀನು, ಖಾರದ ಕಡಲೆಬೀಜ, ಹಪ್ಪಳಗಳಲ್ಲಿ ಉಪ್ಪು ಧಾರಾಳವಾಗಿರುತ್ತದೆ, ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಸೂಚಿಸುವ 5 ಗ್ರಾಮಿನ ಮಿತಿಯಲ್ಲಿ ದೊಡ್ಡ ಪಾಲು ಒಂದು ಸಂಜೆಯ ನೆಂಚಿಕೆಯಲ್ಲೇ ಮುಗಿಯಬಹುದು.

ಮದ್ಯದ ಏರಿಕೆಯ ಅರ್ಧ ಬಂದು ಕೂರುವ ಹೊತ್ತು ಅತ್ಯಂತ ಕೆಟ್ಟದ್ದು. ಯಾರಿಗೇ ಆದರೂ ನಸುಕಿನಲ್ಲಿ ಎದ್ದಾಗ ಒತ್ತಡ ತಾನಾಗಿ ಮೇಲೇರುತ್ತದೆ. ಹೃದಯಾಘಾತ ಮತ್ತು ಲಕ್ವ, ಎಂದರೆ ಮಿದುಳಿನ ನಾಳ ಕಟ್ಟಿಕೊಂಡು ಅಥವಾ ಒಡೆದು ಬರುವ ಪಾರ್ಶ್ವವಾಯು, ಬೆಳಿಗ್ಗೆ 6ರಿಂದ ಮಧ್ಯಾಹ್ನ 12ರ ನಡುವೆ ಹೆಚ್ಚಾಗಿ ಸಂಭವಿಸುತ್ತವೆ. ಈ ಸಹಜವಾದ ಏರಿನ ಮೇಲೆ ಹಿಂದಿನ ರಾತ್ರಿಯ ಮದ್ಯದ ಏರೂ, ದಿನಕ್ಕೊಂದು ಮಾತ್ರೆಯನ್ನು ಹಿಂದಿನ ಬೆಳಿಗ್ಗೆ ನುಂಗಿದವರಲ್ಲಿ ಅದರ ಕಸುವು ತಗ್ಗುವ ಹೊತ್ತೂ ಒಂದರ ಮೇಲೊಂದು ಬಂದು ಕೂಡುತ್ತವೆ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಮಧ್ಯಾಹ್ನ ಅಳೆದ ಅಂಕಿ ಇದನ್ನು ತೋರಿಸದೆ ಹೋಗಬಹುದು.

ಇಳಿಯುವ ಅರ್ಧದ ಅಪಾಯ ಮಾತ್ರೆಯ ಜಾತಿಯನ್ನು ಅನುಸರಿಸಿ ಬದಲಾಗುತ್ತದೆ. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಪ್ರಾಜೋಸಿನ್, ಟೆರಾಜೋಸಿನ್, ಡಾಕ್ಸಾಜೋಸಿನ್ ಎಂಬ ಗುಂಪಿನ ವಿಷಯದಲ್ಲಿ. ನಾಳಗಳನ್ನು ಬಿಗಿಹಿಡಿಯುವ ನರಸಂದೇಶವನ್ನು ತಡೆಯುವ ಈ ಔಷಧಗಳಲ್ಲಿ ಕೆಲವನ್ನು ಮೂತ್ರ ಸಲೀಸಾಗಿ ಇಳಿಯಲೆಂದು ಪ್ರಾಸ್ಟೇಟ್ ಗ್ರಂಥಿ ಊದಿಕೊಂಡ ಹಿರಿಯ ಗಂಡಸರಿಗೂ ಕೊಡುವುದರಿಂದ, ತಾವು ತಿನ್ನುತ್ತಿರುವುದು ಬಿ.ಪಿ.ಯನ್ನು ಇಳಿಸುವ ಮಾತ್ರೆಯೆಂಬ ಅರಿವೇ ಅವರಲ್ಲಿ ಹಲವರಿಗೆ ಇರುವುದಿಲ್ಲ. ಮನುಷ್ಯ ಎದ್ದು ನಿಂತಾಗ ರಕ್ತ ಕಾಲಿನತ್ತ ಇಳಿಯದಂತೆ ನಾಳಗಳು ಥಟ್ಟನೆ ಬಿಗಿಯಾಗಬೇಕು. ಮಾತ್ರೆ ಆ ಬಿಗಿತವನ್ನು ಸಡಿಲಿಸಿರುತ್ತದೆ, ಮದ್ಯವೂ ಅದನ್ನೇ ಮಾಡುತ್ತದೆ, ಎರಡೂ ಕೂಡಿದ ರಾತ್ರಿಯಲ್ಲಿ ಬಚ್ಚಲಿಗೆಂದು ಎದ್ದವರು ಕಣ್ಣು ಕತ್ತಲಿಟ್ಟು ಅಲ್ಲಿಯೇ ಕುಸಿಯುತ್ತಾರೆ. ಇದಕ್ಕೆ ನಿಲುವಿನ ರಕ್ತದೊತ್ತಡ ಕುಸಿತವೆನ್ನುತ್ತಾರೆ. ವಯಸ್ಸಾದವರಲ್ಲಿ ಇಂಥ ಒಂದು ಬೀಳು ಸೊಂಟದ ಮೂಳೆ ಮುರಿಯಲು ಸಾಕು, ತಲೆಗೆ ಪೆಟ್ಟಾದರೆ ಇನ್ನೂ ಕೆಡುಕು. ಮನೆಯವರು ಅದನ್ನು ಅಮಲಿನ ತೂರಾಟವೆಂದು ಬಗೆದು ಬೆಳಗಿನವರೆಗೆ ಮಲಗಿಸಿಬಿಡುವ ಸಂಭವವೂ ಇದೆ.

ಎರಡನೆಯ ಗುಂಪು ಮೂತ್ರವರ್ಧಕಗಳದ್ದು, ಜನರ ಬಾಯಲ್ಲಿ ‘ನೀರಿನ ಮಾತ್ರೆ’. ಹೈಡ್ರೋಕ್ಲೋರೋಥಯಜೈಡ್, ಕ್ಲೋರ್ಥಾಲಿಡೋನ್, ಇಂಡಪಮೈಡ್ ಎಂಬ ಹೆಸರಿನ ಇವು ಹೆಚ್ಚಾಗಿ ಒಂಟಿಯಾಗಿರದೆ ಬೇರೊಂದು ಔಷಧದ ಜತೆ ಒಂದೇ ಗುಳಿಗೆಯಲ್ಲಿ ಸೇರಿರುತ್ತವೆ. ಮಾತ್ರೆಯ ಹೆಸರಿನ ಕೊನೆಗೆ ಅಂಟಿದ ‘ಎಚ್’ ಅಥವಾ ‘ಸಿ.ಟಿ.’ ಎಂಬ ಅಕ್ಷರಗಳು ಅನೇಕ ವೇಳೆ ಇವುಗಳ ಗುರುತು. ಮೂತ್ರಪಿಂಡದಿಂದ ಉಪ್ಪು ಮತ್ತು ನೀರನ್ನು ಹೊರಹಾಕುವುದೇ ಇವುಗಳ ಕೆಲಸ. ಮದ್ಯವು ಇನ್ನೊಂದು ದಾರಿಯಿಂದ ಅದನ್ನೇ ಮಾಡುತ್ತದೆ: ನೀರನ್ನು ಮೈಯಲ್ಲಿ ಉಳಿಸಿಕೊಳ್ಳಲು ಮಿದುಳು ಕಳಿಸುವ ವಾಸೋಪ್ರೆಸಿನ್ ಎಂಬ ರಸವನ್ನು ಅದು ತಡೆಯುವುದರಿಂದಲೇ ಕುಡಿದವರು ಮತ್ತೆ ಮತ್ತೆ ಮೂತ್ರಕ್ಕೆ ಏಳುತ್ತಾರೆ. ಎರಡೂ ಸೇರಿದಾಗ ನೀರಿನ ಜತೆಗೆ ಪೊಟ್ಯಾಸಿಯಮ್, ಮೆಗ್ನೀಸಿಯಮ್ ಎಂಬ ಲವಣಗಳೂ ಹರಿದುಹೋಗುತ್ತವೆ. ಇವು ತಗ್ಗಿದರೆ ಮೊದಲು ಮೀನಖಂಡದಲ್ಲಿ ಸೆಡೆತ, ಸುಸ್ತು. ಮುಂದುವರಿದರೆ ಹೃದಯದ ತಾಳ ತಪ್ಪಬಹುದು. ಒಮ್ಮೆಲೆ ಹೆಚ್ಚು ಕುಡಿದವರ ಹೃದಯ ತಾಳ ತಪ್ಪುವುದನ್ನು 1978ರಲ್ಲಿ ಫಿಲಿಪ್ ಎಟಿಂಜರ್ ಎಂಬ ಅಮೆರಿಕದ ವೈದ್ಯ ಗುರುತಿಸಿ, ರಜೆಯ ದಿನಗಳ ನಂತರ ಅಂಥವರು ಆಸ್ಪತ್ರೆಗೆ ಬರುವುದನ್ನು ಕಂಡು ಅದಕ್ಕೆ ರಜಾದಿನದ ಹೃದಯವೆಂದೇ ಹೆಸರಿಟ್ಟ. ಈ ಗುಂಪಿನ ಇನ್ನೊಂದು ಉಪದ್ರವ ಕಾಲಿನ ಹೆಬ್ಬೆರಳಿನಲ್ಲಿ ಕಾಣಿಸಿಕೊಳ್ಳುತ್ತದೆ. ನೀರಿನ ಮಾತ್ರೆಯೂ ಬಿಯರೂ ಎರಡೂ ರಕ್ತದ ಯೂರಿಕ್ ಆಮ್ಲವನ್ನು ಏರಿಸುವುದರಿಂದ, ಅದರ ಹರಳುಗಳು ಕೀಲಿನಲ್ಲಿ ಕೂತು ರಾತ್ರೋರಾತ್ರಿ ಊತ ಮತ್ತು ತಡೆಯಲಾಗದ ನೋವನ್ನು ತರುತ್ತವೆ.

ಕರ್ನಾಟಕದ ಆರೋಗ್ಯ ಕೇಂದ್ರಗಳಲ್ಲಿಯೂ ಖಾಸಗಿ ಚಿಕಿತ್ಸಾಲಯಗಳಲ್ಲಿಯೂ ಅತಿ ಹೆಚ್ಚು ಬರೆಯಲ್ಪಡುವ ಆಮ್ಲೋಡಿಪಿನ್ ಮತ್ತು ಟೆಲ್ಮಿಸಾರ್ಟಾನ್ ಇಷ್ಟು ಉಗ್ರವಲ್ಲ. ಆಮ್ಲೋಡಿಪಿನ್ ನಾಳಗಳನ್ನು ಹಿಗ್ಗಿಸುವಂಥದ್ದಾದ್ದರಿಂದ ಮದ್ಯದೊಡನೆ ಮುಖ ಕಾವೇರುವುದು, ತಲೆ ಹಗುರಾಗುವುದು ಹೆಚ್ಚಬಹುದು. ಅದರ ಸೋದರಸಂಬಂಧಿಯಾದ ವೆರಾಪಮಿಲ್ ಮಾತ್ರ ಮದ್ಯಸಾರ ಕರಗುವುದನ್ನೇ ನಿಧಾನಗೊಳಿಸಿ, ಅಷ್ಟೇ ಕುಡಿದರೂ ಅಮಲು ಹೆಚ್ಚೂ ದೀರ್ಘವೂ ಆಗುವಂತೆ ಮಾಡಬಲ್ಲದು. ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ಎನಲಾಪ್ರಿಲ್, ರಾಮಿಪ್ರಿಲ್ ತೆಗೆದುಕೊಳ್ಳುವವರಿಗೆ ತೊಂದರೆ ಬರುವುದು ಕುಡಿದು ವಾಂತಿಯಾಗಿ, ಊಟವೂ ಇಲ್ಲದೆ ಮೈಯ ನೀರು ಬತ್ತಿದಾಗ. ಆಗ ಮೂತ್ರಪಿಂಡಕ್ಕೆ ಹರಿಯುವ ರಕ್ತ ಕಡಿಮೆಯಾಗಿ ಅದು ಪೆಟ್ಟು ತಿನ್ನುತ್ತದೆ.

ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರಾನೊಲಾಲ್ ಎಂಬ ಬೀಟಾ ತಡೆಗಳ ಅಪಾಯ ಬೇರೊಂದು ರೋಗದ ಮರೆಯಲ್ಲಿದೆ. ಸಕ್ಕರೆ ಕಾಯಿಲೆಗೆ ಗ್ಲಿಮಿಪಿರೈಡಿನಂಥ ಮಾತ್ರೆ ಅಥವಾ ಇನ್ಸುಲಿನ್ ಪಡೆಯುವವರು ಊಟವಿಲ್ಲದೆ ಕುಡಿದರೆ, ಯಕೃತ್ತು ಹೊಸ ಸಕ್ಕರೆ ತಯಾರಿಸುವುದನ್ನು ಮದ್ಯ ನಿಲ್ಲಿಸುವುದರಿಂದ ರಕ್ತದ ಸಕ್ಕರೆ ತೀರ ಕುಸಿಯುತ್ತದೆ. ಎದೆ ಹೊಡೆದುಕೊಂಡು ಕೈ ನಡುಗುವುದು ಆ ಕುಸಿತದ ಎಚ್ಚರಿಕೆಯ ಗಂಟೆ. ಬೀಟಾ ತಡೆಯು ಆ ಗಂಟೆಯ ನಾಲಿಗೆಯನ್ನೇ ಹಿಡಿದುಬಿಡುತ್ತದೆ, ಉಳಿಯುವ ಗುರುತು ಬೆವರೊಂದೇ. ಸುತ್ತಲಿದ್ದವರಿಗೆ ಪ್ರಜ್ಞೆ ತಪ್ಪಿದವನು ಕುಡಿದು ಬಿದ್ದವನಂತೆ ಕಾಣುತ್ತಾನೆ. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೇಟ್ ಗುಳಿಗೆ ಕುಡಿದ ಮೈಯಲ್ಲಿ ಒತ್ತಡವನ್ನು ನೆಲಕಚ್ಚಿಸಬಲ್ಲದೆಂಬುದನ್ನೂ ಇದರ ಜತೆಗೇ ಹೇಳಬೇಕು.

ಮಿದುಳಿನ ಮೂಲಕ ಕೆಲಸ ಮಾಡುವ ಕ್ಲೋನಿಡಿನ್ ಮತ್ತು ಮೀಥೈಲ್‌ಡೋಪಾ ಮಂಪರು ತರುವ ಔಷಧಗಳು, ಮದ್ಯದ ಮಂಪರು ಅವುಗಳ ಮೇಲೆ ಸವಾರಿ ಮಾಡುತ್ತದೆ. ಈ ವಂಶದ ಹಿರಿಯನೊಬ್ಬ ಭಾರತದ ಕಾಡಿನವನೇ ಎಂಬುದು ಇಲ್ಲಿ ನೆನಪಾಗುತ್ತದೆ. ಮುಂಬಯಿಯ ವೈದ್ಯ ರುಸ್ತುಮ್ ಜಾಲ್ ವಕೀಲ್ 1949ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯೊಂದರಲ್ಲಿ ಸರ್ಪಗಂಧದ ಬೇರು ಒತ್ತಡವನ್ನು ಇಳಿಸುವುದನ್ನು ಕುರಿತು ಬರೆದ ಲೇಖನ ಜಗತ್ತಿನ ಗಮನ ಸೆಳೆಯಿತು, 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಆ ಬೇರಿನಿಂದ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಲಾಯಿತು. ಅದು ಈಗ ಬಳಕೆಯಿಂದ ಬಹುಮಟ್ಟಿಗೆ ಸರಿದಿದ್ದರೂ, ಗಿಡಮೂಲಿಕೆಯೆಂದರೆ ನಿರಪಾಯವೆಂದು ನಂಬಿ ಸರ್ಪಗಂಧದ ಗುಳಿಗೆಯ ಮೇಲೆ ಮದ್ಯ ಕುಡಿಯುವವರು ಇದೇ ಮಂಪರಿಗೂ ಮನಸ್ಸಿನ ಕುಗ್ಗುವಿಕೆಗೂ ಬಾಗಿಲು ತೆರೆಯುತ್ತಾರೆ.

ಈ ಎಲ್ಲ ವಿವರಗಳಿಗಿಂತ ಹೆಚ್ಚು ಬಳಕೆಯಲ್ಲಿರುವ ಮತ್ತು ಹೆಚ್ಚು ಕೆಡುಕು ಮಾಡುವ ಅಭ್ಯಾಸವೆಂದರೆ ಕುಡಿಯುವ ದಿನ ಮಾತ್ರೆ ಬಿಡುವುದು. ಮದುವೆ, ಜಾತ್ರೆ, ಬಾಡೂಟ, ಸಂಬಳದ ಸಂಜೆ, ಭಾನುವಾರ ಎಂದು ಎಣಿಸಿದರೆ ಹೀಗೆ ಬಿಟ್ಟುಹೋದ ದಿನಗಳು ತಿಂಗಳಿಗೆ ಆರೇಳಾಗುವುದು ಕಷ್ಟವಲ್ಲ. ಹೀಗೆ ಬಿಡುವವರು ತಾವು ಔಷಧಕ್ಕೆ ಮರ್ಯಾದೆ ಕೊಡುತ್ತಿದ್ದೇವೆಂದೇ ತಿಳಿದಿರುತ್ತಾರೆ, ಆದ್ದರಿಂದಲೇ ಈ ಅಭ್ಯಾಸವನ್ನು ಬೈದು ಬಿಡಿಸಲು ಆಗುವುದಿಲ್ಲ, ಲೆಕ್ಕ ಕೊಟ್ಟು ಬಿಡಿಸಬೇಕು. ಔಷಧವೊಂದರ ಪ್ರಮಾಣ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲವನ್ನು ಅರ್ಧಾಯುಷ್ಯವೆನ್ನುತ್ತಾರೆ. ಆಮ್ಲೋಡಿಪಿನ್ನಿನ ಅರ್ಧಾಯುಷ್ಯ 30ರಿಂದ 50 ಗಂಟೆ, ಟೆಲ್ಮಿಸಾರ್ಟಾನಿನದು ಸುಮಾರು 24 ಗಂಟೆ. ಎಂದಮೇಲೆ ಬೆಳಿಗ್ಗೆ ಮಾತ್ರೆ ಬಿಟ್ಟು ಸಂಜೆ ಕುಡಿಯಲು ಕೂತವನ ರಕ್ತದಲ್ಲಿ ನಿನ್ನೆಯ, ಮೊನ್ನೆಯ ಮಾತ್ರೆಗಳು ಸಾಕಷ್ಟು ಉಳಿದೇ ಇರುತ್ತವೆ. ತಪ್ಪಿಸಬೇಕೆಂದುಕೊಂಡ ಭೇಟಿ ತಪ್ಪುವುದಿಲ್ಲ. ಬದಲಿಗೆ, ಮದ್ಯ ಒತ್ತಡವನ್ನು ಏರಿಸುವ ಮರುದಿನವೇ ಮಾತ್ರೆಯ ಬಲ ಕುಂದಿರುತ್ತದೆ. ಬೇಗ ಕರಗುವ ಔಷಧಗಳಲ್ಲಿ ಪರಿಣಾಮ ಇದಕ್ಕಿಂತ ಕಟು: ಕ್ಲೋನಿಡಿನ್ನನ್ನು ತಟ್ಟನೆ ನಿಲ್ಲಿಸಿದರೆ ಒತ್ತಡ ಮೊದಲಿಗಿಂತಲೂ ಮೇಲಕ್ಕೆ ಪುಟಿಯುತ್ತದೆ, ಬೀಟಾ ತಡೆಯನ್ನು ಹಾಗೆ ನಿಲ್ಲಿಸಿದರೆ ಹೃದಯದ ನಾಳ ಕಿರಿದಾದವರಿಗೆ ಎದೆನೋವು ಮರುಕಳಿಸುತ್ತದೆ. ಕುಡಿದಿದ್ದರೂ ಮರುದಿನದ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಬೇಕೆಂಬುದು, ತಲೆಸುತ್ತು ಅಥವಾ ವಾಂತಿ ಇಲ್ಲದವರ ಮಟ್ಟಿಗೆ, ಸಾಮಾನ್ಯ ನಿಯಮ. ಅವು ಇದ್ದವರು ಒತ್ತಡ ಅಳೆಯಿಸಿ ವೈದ್ಯರನ್ನು ಕೇಳಿ ಮುಂದುವರಿಯಬೇಕು.

ವೈದ್ಯರನ್ನು ಕೇಳುವುದೇ ಇಲ್ಲಿನ ಕಷ್ಟ. ಹೆಂಡತಿಯೋ ಮಗನೋ ಪಕ್ಕದಲ್ಲಿ ಕೂತಿರುವಾಗ ‘ಕುಡಿಯುತ್ತೀರಾ’ ಎಂಬ ಪ್ರಶ್ನೆಗೆ ‘ಎಲ್ಲೋ ಫಂಕ್ಷನ್ ಇದ್ದಾಗ’ ಎಂಬ ಉತ್ತರ ಬರುವುದು ಸಹಜ, ಹೆಂಗಸರಾದರೆ ಆ ಪ್ರಶ್ನೆ ಕೇಳಲ್ಪಡುವುದೇ ಅಪರೂಪ. ಒತ್ತಡ ಹದಕ್ಕೆ ಬಾರದಿದ್ದಾಗ ನಿಜ ತಿಳಿಯದ ವೈದ್ಯರು ಎರಡನೆಯ ಔಷಧವನ್ನೂ ಮೂರನೆಯದನ್ನೂ ಸೇರಿಸುತ್ತಾ ಹೋಗುತ್ತಾರೆ. ಮೂರು ಬಗೆಯ ಔಷಧಕ್ಕೂ ಬಗ್ಗದ ಒತ್ತಡವನ್ನು ಹಟಮಾರಿ ರಕ್ತದೊತ್ತಡವೆಂದು ಕರೆದು ಮೂತ್ರಪಿಂಡ, ಗ್ರಂಥಿಗಳ ತಪಾಸಣೆಗೆ ಹಣ ಸುರಿಯುವ ಮುನ್ನ ಕುಡಿತದ ವಿಚಾರವನ್ನು ರೋಗಿಯೊಬ್ಬನನ್ನೇ ಕೂರಿಸಿಕೊಂಡು ಕೇಳುವುದು ಮೇಲು. ಎರಡು ನಿಮಿಷ ಮನೆಯವರನ್ನು ಹೊರಗೆ ಕಳಿಸುವುದರಿಂದ ಒಂದು ಮಾತ್ರೆ ಉಳಿಯುವುದಾದರೆ ಅದು ಅಗ್ಗದ ಚಿಕಿತ್ಸೆ.

ಹಾಗಾದರೆ ಎಷ್ಟು ಕುಡಿಯಬಹುದು ಎಂಬ ಪ್ರಶ್ನೆ ಉಳಿಯುತ್ತದೆ. ಆರೋಗ್ಯದ ದೃಷ್ಟಿಯಿಂದ ನಿರಪಾಯವಾದ ಪ್ರಮಾಣವೆಂಬುದು ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು, ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಪಟ್ಟಿಗೆ 1988ರಲ್ಲೇ ಸೇರಿಸಲಾಗಿತ್ತು. ಕೆಂಪು ದ್ರಾಕ್ಷಾರಸ ಹೃದಯಕ್ಕೆ ಹಿತವೆಂಬ ಹಳೆಯ ಮಾತಿಗೆ ಆಸರೆ ಈಗ ತೀರ ತೆಳುವಾಗಿದೆ. ರಕ್ತದೊತ್ತಡದ ಮಟ್ಟಿಗೆ ಹೇಳುವುದಾದರೆ, 36 ಪ್ರಯೋಗಗಳನ್ನು ಕೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ದಿನಕ್ಕೆ ಎರಡು ಅಳತೆಗಿಂತ ಹೆಚ್ಚು ಕುಡಿಯುತ್ತಿದ್ದವರು ಕಡಿಮೆ ಮಾಡಿದಾಗ ಒತ್ತಡ ಇಳಿಯಿತು, ಎರಡಕ್ಕಿಂತ ಕಡಿಮೆ ಇದ್ದವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಆರಕ್ಕಿಂತ ಹೆಚ್ಚು ಅಳತೆ ಕುಡಿಯುತ್ತಿದ್ದವರು ಅದನ್ನು ಸುಮಾರು ಅರ್ಧಕ್ಕೆ ಇಳಿಸಿದಾಗ ಮೇಲಿನ ಅಂಕಿ ಐದೂವರೆಯಷ್ಟು ತಗ್ಗಿತು. ಆದ್ದರಿಂದ ವರ್ಷಕ್ಕೆರಡು ಬಾರಿ, ಊಟದ ಜತೆ, ಒಂದು ಸಣ್ಣ ಪೆಗ್ಗು ಕುಡಿದ ಆಮ್ಲೋಡಿಪಿನ್ ರೋಗಿಯನ್ನು ಹೆದರಿಸುವುದರಲ್ಲಿ ಅರ್ಥವಿಲ್ಲ. ಪ್ರಾಜೋಸಿನ್ ತಿನ್ನುವ ಎಪ್ಪತ್ತರ ಹಿರಿಯರಿಗೆ ಅಷ್ಟೂ ಬೇಡವೆನ್ನುವುದು ನ್ಯಾಯ. ಹುದುಗಿ ಬಂದ ಮದ್ಯಸಾರ ಅಲ್ಪವಾಗಿ ಇರುವ ಅರಿಷ್ಟ, ಆಸವಗಳನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳುವವರು ಒತ್ತಡದ ದೃಷ್ಟಿಯಿಂದ ಗಾಬರಿಪಡಬೇಕಾದದ್ದಿಲ್ಲ, ಬಾಟಲಿಯನ್ನೇ ಎತ್ತಿ ಕುಡಿಯುವವರ ಮಾತು ಬೇರೆ.

ದಿನವೂ ಕ್ವಾರ್ಟರಿನ ಲೆಕ್ಕದಲ್ಲಿ ವರ್ಷಗಟ್ಟಲೆ ಕುಡಿದವರು ಇದನ್ನು ಕೇಳಿ ನಾಳೆಯಿಂದಲೇ ಬಿಟ್ಟೇನೆಂದು ಶಪಥ ಮಾಡುವುದು ಮಾತ್ರ ಅಪಾಯದ ಹಾದಿ. ಮದ್ಯಕ್ಕೆ ಒಗ್ಗಿದ ನರಮಂಡಲದಿಂದ ಅದನ್ನು ಒಮ್ಮೆಗೇ ಕಿತ್ತುಕೊಂಡರೆ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು, ನಿದ್ದೆಗೇಡು ಶುರುವಾಗಿ ಒತ್ತಡ ಜಿಗಿಯುತ್ತದೆ, ಮೊದಲ ಎರಡು ದಿನಗಳಲ್ಲಿ ಸೆಳವು ಬರಬಹುದು, ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಂಡು ಬಡಬಡಿಸುವ ಸನ್ನಿ ಹಿಡಿಯುತ್ತದೆ. ಇಂಥವರು ಬಿಡಬೇಕಾದದ್ದು ವೈದ್ಯರ ಕಣ್ಣಳತೆಯಲ್ಲಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ. ದೂರವಾಣಿಯಲ್ಲಿ 14446 ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ, 14416 ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ.

ಬಿಟ್ಟವರಿಗೆ ಒಂದೆರಡು ವಾರ ಕಳೆದ ಮೇಲೆ ಎದುರಾಗುವ ಸಂಗತಿಯೊಂದನ್ನು ಮೊದಲೇ ತಿಳಿಸಿರುವುದು ಒಳ್ಳೆಯದು. ಮದ್ಯ ಏರಿಸುತ್ತಿದ್ದ ಪಾಲು ಕಳಚಿಕೊಂಡು ಒತ್ತಡ ಇಳಿಯತೊಡಗುತ್ತದೆ, ಆದರೆ ಮಾತ್ರೆಗಳು ಮಾತ್ರ ಕುಡಿಯುತ್ತಿದ್ದ ಕಾಲದ ಲೆಕ್ಕಕ್ಕೆ ಬರೆದವಾಗಿರುತ್ತವೆ. ಆಗ ಎದ್ದರೆ ತಲೆಸುತ್ತು, ನಡೆದರೆ ಆಯಾಸ. ಬಹುಕಾಲ ಕುಡಿದವನಿಗೆ ಇದು ಬಿಟ್ಟದ್ದರಿಂದ ಬಂದ ನಿಶ್ಶಕ್ತಿಯೆಂದು ಅನ್ನಿಸುತ್ತದೆ, ಒಂದು ಗುಟುಕು ಹಾಕಿದರೆ ಸರಿಹೋದೀತೆಂದು ಜತೆಗಾರರೂ ಹೇಳುತ್ತಾರೆ. ಆ ವಾರ ಅವನು ಹೋಗಬೇಕಾದದ್ದು ಮಾತ್ರೆ ಬರೆದ ವೈದ್ಯರ ಬಳಿಗೆ. ಬೆಳಿಗ್ಗೆ ಮಾತ್ರೆಗೆ ಮುಂಚೆ, ಐದು ನಿಮಿಷ ಸುಮ್ಮನೆ ಕೂತು ಅಳೆದು ಬರೆದಿಟ್ಟ ನಾಲ್ಕಾರು ದಿನದ ಅಂಕಿಗಳು ಕೈಯಲ್ಲಿದ್ದರೆ ಅವರು ಮೂರು ಮಾತ್ರೆಯನ್ನು ಎರಡಕ್ಕೆ ಇಳಿಸುವ ಸಾಧ್ಯತೆ ಇದೆ.